ಉಪಯೋಗಿಸಿದ ಕಾರಿನಲ್ಲಿ ಬಿಟ್ಟು ಬಿಟ್ಟು ಕೇಳಿಬರುವ ಶಬ್ದ: ಒಡೆತನ ವರ್ಗಾವಣೆಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

1. ಪೀಠಿಕೆ

ಉಪಯೋಗಿಸಿದ ಕಾರನ್ನು ಖರೀದಿಸುವ ಸಾರ್ವಜನಿಕರು ಸಾಮಾನ್ಯವಾಗಿ ನೋಂದಣಿ ಪ್ರಮಾಣಪತ್ರ, ವಿಮಾ ಪತ್ರ ಹಾಗೂ ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರಗಳನ್ನು ಪರಿಶೀಲಿಸುತ್ತಾರೆ. ಈ ದಾಖಲೆಗಳು ವಾಹನದ ಒಡೆತನ, ವಿಮೆ ಮತ್ತು ಹೊಗೆಯ ಪ್ರಮಾಣಕ್ಕೆ ಸಂಬಂಧಿಸಿದವು. ಗಾಲಿಯ ಬೇರಿಂಗ್, ಬ್ರೇಕ್ ಅಥವಾ ಸ್ಟೇರಿಂಗ್ ಭಾಗಗಳ ಸವೆತವು ಅವುಗಳಿಂದ ತಿಳಿದುಬರುವುದಿಲ್ಲ. ನೋಂದಣಿ ಪ್ರಾಧಿಕಾರವು ಮಾಡುವ ಒಡೆತನ ವರ್ಗಾವಣೆಯ ನಮೂದು ಕಾರಿನ ಯಾಂತ್ರಿಕ ಸುಸ್ಥಿತಿಗೆ ಖಾತರಿಯಲ್ಲ. ಆದುದರಿಂದ ವರ್ಗಾವಣೆ ನಮೂನೆಗಳಿಗೆ ಸಹಿ ಮಾಡುವ ಮುನ್ನವೇ ಕಾರಿನ ಸ್ಥಿತಿಯನ್ನು ಪರಿಶೀಲಿಸಿಕೊಳ್ಳುವುದು ಖರೀದಿದಾರರ ಹೊಣೆಯಾಗಿರುತ್ತದೆ.

ಸದಾ ಕೇಳಿಸುವ ಶಬ್ದವು ಖರೀದಿದಾರರ ಗಮನಕ್ಕೆ ಬಂದೇ ಬರುತ್ತದೆ. ಬಿಟ್ಟು ಬಿಟ್ಟು ಬರುವ ಶಬ್ದವಾದರೋ ಹತ್ತು ನಿಮಿಷಗಳ ಪರೀಕ್ಷಾ ಚಾಲನೆಯಲ್ಲಿ ಕೇಳಿಸದೆಯೇ ಹೋಗಬಹುದು. ಇಂತಹ ಶಬ್ದವನ್ನು ಪತ್ತೆ ಹಚ್ಚಲು, ಅದು ಹೇಗಿದೆ ಎಂಬುದಕ್ಕಿಂತ ಯಾವ ಸಂದರ್ಭದಲ್ಲಿ ಬರುತ್ತದೆ, ಯಾವ ಸಂದರ್ಭದಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸುವುದು ಮುಖ್ಯ.

2. ಪರೀಕ್ಷಾ ಚಾಲನೆಗೆ ಮುನ್ನ

ಅ) ಇಂಜಿನ್ ತಣ್ಣಗಿರುವಾಗಲೇ ಕಾರನ್ನು ನೋಡತಕ್ಕದ್ದು. ಖರೀದಿದಾರರು ಬರುವ ಮುನ್ನ ಇಂಜಿನ್ ಚಾಲನೆ ಮಾಡದಿರುವಂತೆ ಮಾರಾಟಗಾರರನ್ನು ಕೋರಬಹುದು. ಬಾನೆಟ್ ಬಿಸಿಯಾಗಿದ್ದಲ್ಲಿ ಬೇರೊಂದು ದಿನ ಬೆಳಿಗ್ಗೆ ನೋಡುವುದು ಸೂಕ್ತ. ತಣ್ಣನೆಯ ಇಂಜಿನ್‌ನಲ್ಲಿ ಮಾತ್ರ ಬರುವ ಶಬ್ದಗಳು ಬಿಸಿಯಾದ ಬಳಿಕ ಮರೆಯಾಗುತ್ತವೆ.

ಆ) ಡಿಕ್ಕಿಯಲ್ಲಿರುವ ಸ್ಟೆಪ್ನಿ, ಜಾಕ್, ಪಾನಾಗಳನ್ನು ಹಾಗೂ ಆಸನದ ಕೆಳಗಿರುವ ಬಾಟಲಿ ಮೊದಲಾದವುಗಳನ್ನು ಹೊರತೆಗೆಯತಕ್ಕದ್ದು. ಲೊಡಲೊಡ ಶಬ್ದಕ್ಕೆ ಅನೇಕ ವೇಳೆ ಇವೇ ಕಾರಣವಾಗಿರುತ್ತವೆ.

ಇ) ರೇಡಿಯೋ ಮತ್ತು ಹವಾನಿಯಂತ್ರಣವನ್ನು ನಿಲ್ಲಿಸಿ, ಕಿಟಕಿಗಳನ್ನು ಮೊದಲು ಮುಚ್ಚಿ, ಅನಂತರ ತೆರೆದು ಆಲಿಸತಕ್ಕದ್ದು. ಗೋಡೆ ಅಥವಾ ಕಾಂಪೌಂಡಿನ ಪಕ್ಕದಲ್ಲಿ ನಿಧಾನವಾಗಿ ಚಲಿಸಿದಾಗ ಗಾಲಿಗಳ ಶಬ್ದವು ಪ್ರತಿಧ್ವನಿಸಿ ಸ್ಪಷ್ಟವಾಗಿ ಕೇಳಿಸುತ್ತದೆ.

3. ಶಬ್ದದ ಮೂಲವನ್ನು ಗುರುತಿಸುವ ಕ್ರಮ

ಶಬ್ದವು ಇಂಜಿನ್ನಿನ ವೇಗವನ್ನು ಅನುಸರಿಸುತ್ತದೆಯೇ ಅಥವಾ ಗಾಲಿಯ ವೇಗವನ್ನು ಅನುಸರಿಸುತ್ತದೆಯೇ ಎಂಬುದನ್ನು ಮೊದಲು ನಿರ್ಧರಿಸತಕ್ಕದ್ದು. ಕಾರನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೂ ಅದೇ ಶಬ್ದ ಬಂದರೆ, ಅದರ ಮೂಲ ಇಂಜಿನ್ ಅಥವಾ ಅದಕ್ಕೆ ಜೋಡಿಸಿದ ಭಾಗಗಳಲ್ಲಿದೆ. ಚಲಿಸುವಾಗ ಮಾತ್ರ ಕೇಳಿಸಿ, ಗೇರ್ ಬದಲಿಸಿದರೂ ವ್ಯತ್ಯಾಸವಾಗದೆ ಕಾರಿನ ವೇಗದೊಂದಿಗೆ ಏರಿಳಿದರೆ ಗಾಲಿ, ಟೈರ್, ಬೇರಿಂಗ್ ಅಥವಾ ಬ್ರೇಕ್ ಕಡೆ ಗಮನ ಹರಿಸಬೇಕು.

ಶಬ್ದವನ್ನು ಎಣಿಸುವುದರಿಂದಲೂ ಮೂಲ ತಿಳಿಯುತ್ತದೆ. ಸಣ್ಣ ಕಾರುಗಳಲ್ಲಿ ಬಳಕೆಯಲ್ಲಿರುವ 145/80 ಆರ್ 12 ಅಳತೆಯ ಟೈರಿನ ಸುತ್ತಳತೆ ಸುಮಾರು 1.7 ಮೀಟರ್. ಗಂಟೆಗೆ 18 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 5 ಮೀಟರ್ ಚಲಿಸುವುದರಿಂದ ಗಾಲಿಯು ಸೆಕೆಂಡಿಗೆ ಸುಮಾರು 3 ಬಾರಿ ತಿರುಗುತ್ತದೆ. ಟೈರಿನಲ್ಲಿ ಸಿಕ್ಕಿದ ಕಲ್ಲು ಅಥವಾ ಮೊಳೆಯ 'ಟಕ್ ಟಕ್' ಶಬ್ದವು ಇದೇ ಲಯದಲ್ಲಿರುತ್ತದೆ. ಇಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಸೆಕೆಂಡಿಗೆ 25 ಸುತ್ತುಗಳಾಗುವುದರಿಂದ ಅದರ ಶಬ್ದವನ್ನು ಕಿವಿಯಿಂದ ಎಣಿಸಲಾಗುವುದಿಲ್ಲ.

4. ಸಂದರ್ಭ ಮತ್ತು ಸಂಭವನೀಯ ಕಾರಣ

1) ಬೆಳಿಗ್ಗೆ ಚಾಲನೆ ಮಾಡಿದೊಡನೆ ಅಥವಾ ಹವಾನಿಯಂತ್ರಣ ಹಾಕಿದಾಗ ಕೀರಲು ಶಬ್ದ ಬಂದು ಕೆಲ ಕಾಲದಲ್ಲಿ ನಿಂತರೆ: ಫ್ಯಾನ್ ಬೆಲ್ಟ್ ಸಡಿಲವಾಗಿರುವ ಅಥವಾ ಸವೆದಿರುವ ಸಾಧ್ಯತೆ.

2) ತಣ್ಣನೆಯ ಇಂಜಿನ್‌ನಲ್ಲಿ ಕೆಲವು ಕ್ಷಣ ಕಟಕಟ ಶಬ್ದ: ಆಯಿಲ್ ಒತ್ತಡ ಏರುವವರೆಗೆ ಟ್ಯಾಪೆಟ್ ಅಥವಾ ಟೈಮಿಂಗ್ ಚೈನ್‌ನಿಂದ ಬರಬಹುದು. ಇಂಜಿನ್ ಆಯಿಲ್‌ನ ಮಟ್ಟವನ್ನು ಕೂಡಲೇ ನೋಡತಕ್ಕದ್ದು.

3) ನಿಂತಿರುವಾಗ ಕ್ಲಚ್ ಒತ್ತಿದರೆ ಮಾತ್ರ ಬರುವ ಶಬ್ದ: ಕ್ಲಚ್ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಕೇಳಿಸಿ, ಕ್ಲಚ್ ಒತ್ತಿದಾಗ ನಿಲ್ಲುವ ಶಬ್ದ: ಗೇರ್‌ಬಾಕ್ಸ್‌ನ ಒಳ ಬೇರಿಂಗ್.

4) ಸ್ಟೇರಿಂಗನ್ನು ಪೂರ್ತಿ ಹೊರಳಿಸಿ ಮುಂದೆ ಸಾಗುವಾಗ ಟಕಟಕ ಶಬ್ದ: ಮುಂಗಾಲಿಗಳಿಗೆ ಶಕ್ತಿ ನೀಡುವ ಕಾರುಗಳಲ್ಲಿ ಎಕ್ಸೆಲ್‌ನ ಹೊರ ಕೀಲು. ಅದರ ರಬ್ಬರ್ ಮುಚ್ಚಳ ಹರಿದು ಗ್ರೀಸ್ ಚೆಲ್ಲಿದೆಯೇ ಎಂದು ನೋಡತಕ್ಕದ್ದು.

5) ವೇಗ ಹೆಚ್ಚಿದಂತೆ ಏರುವ ಗುಂಯ್‌ಗುಡುವ ಶಬ್ದ: ಗಾಲಿಯ ಬೇರಿಂಗ್ ಅಥವಾ ಅಸಮವಾಗಿ ಸವೆದ ಟೈರ್. ಕಾರು ಎಡಕ್ಕೆ ತಿರುಗುವಾಗ ಭಾರವು ಬಲಗಡೆಯ ಗಾಲಿಗಳ ಮೇಲೆ ಬೀಳುತ್ತದೆ. ಆಗ ಶಬ್ದ ಹೆಚ್ಚಿದರೆ ಬಲಗಡೆಯ ಬೇರಿಂಗನ್ನೂ, ಬಲಕ್ಕೆ ತಿರುಗುವಾಗ ಹೆಚ್ಚಿದರೆ ಎಡಗಡೆಯ ಬೇರಿಂಗನ್ನೂ ಮೊದಲು ಪರೀಕ್ಷಿಸಬೇಕು.

6) ರಸ್ತೆ ಉಬ್ಬು ಅಥವಾ ಗುಂಡಿಗಳಲ್ಲಿ ಮಾತ್ರ 'ಧಡ್' ಎನ್ನುವ ಶಬ್ದ: ಸಸ್ಪೆನ್ಷನ್ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್ ಅಥವಾ ಶಾಕ್ ಅಬ್ಸಾರ್ಬರ್.

7) ಬ್ರೇಕ್ ಒತ್ತಿದಾಗ ಕೀಚು ಶಬ್ದ: ಪ್ಯಾಡ್ ಸವೆತದ ಸೂಚನೆಯಾಗಿರಬಹುದು. ಲೋಹಕ್ಕೆ ಲೋಹ ಉಜ್ಜುವ ಗರಗರ ಶಬ್ದವಾದರೆ ಪ್ಯಾಡ್ ಮುಗಿದಿರುವ ಸಾಧ್ಯತೆ ಇದೆ.

8) ಇಂಜಿನ್ನಿನ ನಿರ್ದಿಷ್ಟ ವೇಗದಲ್ಲಿ ಮಾತ್ರ ತಗಡು ಅದುರುವ ಶಬ್ದ: ಸೈಲೆನ್ಸರ್ ಮೇಲಿನ ಶಾಖ ತಡೆಯುವ ತಗಡು ಅಥವಾ ಅದರ ಹಿಡಿಕೆ ಸಡಿಲಗೊಂಡಿರಬಹುದು.

ಇಂಜಿನ್ ನಿಲ್ಲಿಸಿದ ಬಳಿಕ ಸೈಲೆನ್ಸರ್ ಕಡೆಯಿಂದ ಬರುವ ಸಣ್ಣ 'ಟಿಕ್ ಟಿಕ್' ಶಬ್ದವು ಲೋಹವು ತಣಿದು ಕುಗ್ಗುವುದರಿಂದ ಉಂಟಾಗುತ್ತದೆ. ಇದು ದೋಷವಲ್ಲ. ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗಿ ನಿಲ್ಲುವುದೂ ಸಹಜ.

5. ಶಬ್ದದ ಟಿಪ್ಪಣಿ

ಶಬ್ದವು ಮೆಕ್ಯಾನಿಕ್ ಮುಂದೆ ಬಾರದೆ ಹೋಗುವುದು ಸಾಮಾನ್ಯ ಅನುಭವ. ಊಹೆಯಿಂದ ಭಾಗಗಳನ್ನು ಒಂದೊಂದಾಗಿ ಬದಲಿಸಿದಲ್ಲಿ ಹಣ ವ್ಯಯವಾಗುವುದಲ್ಲದೆ ದೋಷವೂ ಉಳಿಯುತ್ತದೆ. ಆದ್ದರಿಂದ ಪ್ರತಿ ಬಾರಿ ಶಬ್ದ ಬಂದಾಗ ಈ ಕೆಳಕಂಡ ಅಂಶಗಳನ್ನು ಬರೆದಿಡತಕ್ಕದ್ದು: ಇಂಜಿನ್ ತಣ್ಣಗಿತ್ತೇ, ಬಿಸಿಯಾಗಿತ್ತೇ, ಕಾರಿನ ವೇಗ ಮತ್ತು ಗೇರ್, ರಸ್ತೆ ನೇರವೇ, ತಿರುವೇ, ಏರೇ, ಬ್ರೇಕ್, ಕ್ಲಚ್, ಆಕ್ಸಿಲರೇಟರ್ ಪೈಕಿ ಯಾವುದನ್ನು ಒತ್ತಲಾಗಿತ್ತು, ಮಳೆ ಇತ್ತೇ, ಕಾರಿನಲ್ಲಿ ಎಷ್ಟು ಜನರಿದ್ದರು. ಮೊಬೈಲ್ ದೂರವಾಣಿಯಲ್ಲಿ ಧ್ವನಿಮುದ್ರಣ ಮಾಡುವ ಕಾರ್ಯವನ್ನು ಪಕ್ಕದಲ್ಲಿ ಕುಳಿತವರೇ ನಿರ್ವಹಿಸಬೇಕು; ಚಾಲಕರು ಮಾಡಬಾರದು.

6. ಸುರಕ್ಷತಾ ಎಚ್ಚರಿಕೆಗಳು

ಅ) ಬ್ರೇಕಿನ ಗರಗರ ಶಬ್ದ, ಸ್ಟೇರಿಂಗ್ ಸಡಿಲಿಕೆಯೊಂದಿಗೆ ಬರುವ ಬಡಿತ, ಗಾಲಿಯ ಅಲುಗಾಟ ಹಾಗೂ ಆಯಿಲ್ ದೀಪ ಹೊತ್ತಿದಾಗಿನ ಇಂಜಿನ್ ಬಡಿತ, ಇವು ಕಂಡುಬಂದಲ್ಲಿ ಕಾರನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಮುಂದೆ ಓಡಿಸಬಾರದು.

ಆ) ಚಲಿಸುತ್ತಿರುವಾಗ ಇಂಜಿನ್ ಆರಿಸಿ ಶಬ್ದವನ್ನು ಪರೀಕ್ಷಿಸಬಾರದು. ಬ್ರೇಕಿನ ಸಹಾಯಕ ಬಲ ಕುಂದುತ್ತದೆ. ಕೀಲಿಯನ್ನು ಹೊರತೆಗೆದರೆ ಸ್ಟೇರಿಂಗ್ ಬಿಗಿದುಕೊಳ್ಳುವ ಅಪಾಯವೂ ಇದೆ.

ಇ) ಕೇವಲ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಹೋಗಬಾರದು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲನೆ ಮಾಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಪಾಯಕಾರಿ.

7. ಒಡೆತನ ವರ್ಗಾವಣೆ

ದೋಷ ಪತ್ತೆಯಾದಲ್ಲಿ ದುರಸ್ತಿಯನ್ನು ಯಾರು ಮಾಡಿಸಬೇಕು, ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕೇ ಎಂಬುದನ್ನು ಉಭಯತ್ರರೂ ಲಿಖಿತವಾಗಿ ಒಪ್ಪಿಕೊಳ್ಳುವುದು ಒಳಿತು. ಅನಂತರ ನಮೂನೆ 29 ಮತ್ತು ನಮೂನೆ 30ನ್ನು ಭರ್ತಿ ಮಾಡತಕ್ಕದ್ದು. ಖಾಲಿ ನಮೂನೆಗಳಿಗೆ ಸಹಿ ಮಾಡಬಾರದು.

ಮೋಟಾರು ವಾಹನಗಳ ಅಧಿನಿಯಮ, 1988ರ 50ನೇ ಪ್ರಕರಣದಂತೆ, ಅದೇ ರಾಜ್ಯದಲ್ಲಿ ನೋಂದಣಿಯಾದ ವಾಹನದ ವರ್ಗಾವಣೆಯನ್ನು ಮಾರಾಟಗಾರರು 14 ದಿನಗಳೊಳಗೆ ಮತ್ತು ಖರೀದಿದಾರರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ವಾಹನದ ಮೇಲೆ ಸಾಲದ ಕರಾರಿನ ನಮೂದಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆ ಅವಶ್ಯ.

ವರ್ಗಾವಣೆಯನ್ನು ವಿಳಂಬಿಸುವುದು ಮಾರಾಟಗಾರರಿಗೂ ಅಪಾಯಕರ. ಕಾರನ್ನು ಹಸ್ತಾಂತರಿಸಿದ್ದರೂ ನೋಂದಣಿಯಲ್ಲಿ ಹೆಸರು ಇರುವವರನ್ನೇ ಒಡೆಯರೆಂದು ಪರಿಗಣಿಸಿ, ಅಪಘಾತ ಪರಿಹಾರದ ಹೊಣೆ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ. ಸವೆದ ಬ್ರೇಕಿನಿಂದ ಅಪಘಾತ ಸಂಭವಿಸಿದಾಗ ಹಳೆಯ ಒಡೆಯರ ಹೆಸರೇ ದಾಖಲೆಯಲ್ಲಿದ್ದರೆ, ಪರಿಹಾರದ ಬೇಡಿಕೆ ಅವರ ಬಾಗಿಲಿಗೇ ಬರುತ್ತದೆ.

8. ಸೂಚನೆ

ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ಅವಧಿ ಮುಗಿಯುತ್ತಿರುವ ಕಾರನ್ನು ಕೊಳ್ಳುವವರು ಮೇಲ್ಕಂಡ ದೋಷಗಳನ್ನು ಮೊದಲೇ ಸರಿಪಡಿಸಿಕೊಳ್ಳುವುದು ಸೂಕ್ತ. ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿದ್ದು, ಅನುಭವಿ ಮೆಕ್ಯಾನಿಕ್‌ರ ಪರಿಶೀಲನೆಗೆ ಬದಲಿಯಲ್ಲ.