ನೈಲ್ ನದಿಯ ಅಳತೆಗಂಬ
ಕೈರೋ ನಗರದ ರೋಡಾ ದ್ವೀಪದ ದಕ್ಷಿಣ ತುದಿಯಲ್ಲಿರುವ ಈ ಅಳತೆಬಾವಿಯನ್ನು ಕ್ರಿ.ಶ. 861ರಲ್ಲಿ ಅಬ್ಬಾಸಿ ಖಲೀಫ ಅಲ್-ಮುತವಕ್ಕಿಲ್ ಕಟ್ಟಿಸಿದನು. ಬಾವಿಯ ನಡುವೆ ಅಷ್ಟಕೋನದ ಅಮೃತಶಿಲೆಯ ಕಂಬ. ಅದರ ಮೈಮೇಲೆ ಮೊಳದ ಗುರುತುಗಳು. ನದಿಯ ನೀರು ಬೇರೆ ಬೇರೆ ಎತ್ತರದ ಮೂರು ಸುರಂಗಗಳಿಂದ ಒಳಬರುತ್ತಿತ್ತು. ಹೊರಗಿನ ಅಲೆಗಳ ಹೊಯ್ದಾಟ ತಟ್ಟದಿದ್ದುದರಿಂದ ಮಟ್ಟವನ್ನು ಸರಿಯಾಗಿ ಓದಲು ಬರುತ್ತಿತ್ತು.

ನಾಡಿನ ಕಂದಾಯ ನಿಂತಿದ್ದುದು ಈ ಗುರುತುಗಳ ಮೇಲೆ. ನೀರು ಸುಮಾರು 16 ಮೊಳ ಮುಟ್ಟಿದರೆ ಬೆಳೆಯೂ ತೆರಿಗೆಯೂ ಖಚಿತ. ತೀರ ಕಡಿಮೆಯಾದರೆ ಕ್ಷಾಮ, ತೀರ ಹೆಚ್ಚಾದರೆ ಮುಳುಗಡೆ. ನದಿ ಏರದ ವರ್ಷ ಪೇಟೆಯಲ್ಲಿ ಧಾನ್ಯದ ಬೆಲೆ ಏರುತ್ತಿತ್ತು.

ಈಜಿಪ್ಟಿನಲ್ಲಿ ಮಳೆ ಅತ್ಯಲ್ಪ. ಇಥಿಯೋಪಿಯಾದ ಎತ್ತರದ ನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆಯೇ, ಮುಖ್ಯವಾಗಿ ನೀಲಿ ನೈಲ್ ಮೂಲಕ, ಇಲ್ಲಿಗೆ ನೆರೆಯಾಗಿ ಬರುತ್ತಿತ್ತು. ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಬಲಗೊಂಡ ವರ್ಷಗಳಲ್ಲಿ ಆ ಮಳೆಯೂ ಭಾರತದ ಮುಂಗಾರೂ ಒಟ್ಟಿಗೆ ಸೊರಗುವುದುಂಟು. ಮೈಸೂರು ಸಂಸ್ಥಾನ ಭೀಕರ ಬರದಲ್ಲಿ ನಲುಗಿದ 1877ರಲ್ಲಿ ನೈಲ್ ನೆರೆಯೂ ತೀರ ತಗ್ಗಿತ್ತು.

ನೈಲ್‌ನ ಮಟ್ಟಗಳ ದಾಖಲೆ ಕ್ರಿ.ಶ. 622ರಷ್ಟು ಹಿಂದಿನಿಂದ ಸಿಗುತ್ತದೆ. ನಡುವೆ ಕೆಲವು ವರ್ಷಗಳು ತಪ್ಪಿವೆ, ಹೂಳಿನಿಂದ ನದಿಯ ತಳವೂ ಏರಿದೆ. ಆದರೂ ಇಷ್ಟು ದೀರ್ಘವಾದ ಜಲದಾಖಲೆ ಜಗತ್ತಿನಲ್ಲಿ ವಿರಳ. ಇದನ್ನು ಬಳಸಿಯೇ ಬ್ರಿಟಿಷ್ ಜಲವಿಜ್ಞಾನಿ ಹೆರಾಲ್ಡ್ ಹರ್ಸ್ಟ್, ನೀರು ಹೆಚ್ಚಿದ ವರ್ಷಗಳೂ ಕುಗ್ಗಿದ ವರ್ಷಗಳೂ ಗುಂಪುಗುಂಪಾಗಿ ಬರುತ್ತವೆಂದು 1951ರಲ್ಲಿ ತೋರಿಸಿದರು.

ಅಸ್ವಾನ್ ಮಹಾ ಅಣೆಕಟ್ಟು 1970ರಲ್ಲಿ ಪೂರ್ಣಗೊಂಡಿತು. ಕೈರೋಗೆ ವಾರ್ಷಿಕ ನೆರೆ ಈಗ ಬರುವುದಿಲ್ಲ. ಬಾವಿಯ ಸುರಂಗಗಳನ್ನು ಮುಚ್ಚಲಾಗಿದೆ.