ಟಿಪ್ಪುವಿನ ಕೋವಿಗಳ ಕಾಲನಿರ್ಣಯ

ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ಸಿದ್ಧವಾದ ಚಕಮಕಿ ಕೋವಿಗಳನ್ನು ಗುರುತಿಸಲು ಹುಲಿಪಟ್ಟೆಯ ಅಲಂಕಾರವೊಂದನ್ನೇ ನೆಚ್ಚಲಾಗದು. ಅದನ್ನು ಅನಂತರವೂ ಕೆತ್ತಿಸಬಹುದು. ನಳಿಗೆಯ ಮೇಲಿನ ಪಾರಸಿ ಬರಹವನ್ನು, ಮುಖ್ಯವಾಗಿ ವರ್ಷವನ್ನು, ಓದಬೇಕು. ತೊಡಕಿರುವುದು ಇಲ್ಲಿಯೇ. 1787ರ ಸುಮಾರಿಗೆ ಟಿಪ್ಪು ಹಿಜರಿಯ ಬದಲು ಮೌಲೂದಿ ಶಕೆಯನ್ನು ಬಳಕೆಗೆ ತಂದನು. ಅವನ ನಾಣ್ಯಗಳಲ್ಲಂತೂ ಈ ಶಕೆಯ ಅಂಕೆಗಳು ಬಲದಿಂದ ಎಡಕ್ಕೆ ಸಾಗುತ್ತವೆ! ಕೋವಿಯೊಂದರ ಮೇಲಿನ 1215ನ್ನು ಹಿಜರಿಯೆಂದು ಎಣಿಸಿದರೆ ಕ್ರಿ.ಶ. 1800 ಬರುತ್ತದೆ, ಟಿಪ್ಪು ಮಡಿದುದು 1799ರ ಮೇ 4ರಂದು. ಹೀಗೆ ಅಸಲಿ ಕೋವಿಯೇ ನಕಲಿಯೆನಿಸಿಕೊಳ್ಳುವ ಅಪಾಯವುಂಟು. ಮೌಲೂದಿಯೆಂದು ಓದಿದರೆ ಅದು 1787-88ಕ್ಕೆ ಸೇರುತ್ತದೆ. 2015ರಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಆಯುಧಸಂಗ್ರಹವೊಂದು 60 ಲಕ್ಷ ಪೌಂಡಿಗೂ ಮಿಕ್ಕಿ ಹರಾಜಾಯಿತು. ಇಂತಹ ಬೆಲೆಗೆ ಬೆಳ್ಳಿಯ ಕುಸುರಿಗಿಂತ ಆ ನಾಲ್ಕು ಅಂಕೆಗಳ ಸರಿಯಾದ ಓದೇ ಹೆಚ್ಚಿನ ಆಧಾರವೆಂದು ನನ್ನ ಅಭಿಪ್ರಾಯ.