ಹೊಲವೊಂದು, ಹೊತ್ತಗೆ ಹಲವು

ನಾಗಪುರದ ದಕ್ಷಿಣಕ್ಕೆ, ವರ್ಧಾ ರಸ್ತೆಯ ಮಗ್ಗುಲಲ್ಲಿ ಬೆಳೆದಿರುವ ಮನೀಶ್ ನಗರದಲ್ಲಿ ಹೊಲದ ಕುರುಹು ಕಾಣುವುದು ಇಂದು ದುರ್ಲಭ. ಆದರೂ ಇಲ್ಲಿಯ ಕ್ರಯಪತ್ರಗಳಲ್ಲಿ ಸೋಮಲವಾಡದಂಥ ಹಳೆಯ ಮೌಜೆಯ, ಅಂದರೆ ಕಂದಾಯ ಗ್ರಾಮದ, ಹೆಸರೂ ಹೊಲದ ಖಸರಾ ಸಂಖ್ಯೆಯೂ, ಊರ ಲೆಕ್ಕಿಗನಾದ ಪಟವಾರಿಯ ಕಾಲದ ಶೇಷವಾಗಿ ಉಳಿದುಬಂದಿವೆ. ಮಹಾರಾಷ್ಟ್ರದ ರೈತನು ಜತನವಾಗಿ ಇಟ್ಟುಕೊಳ್ಳುವ ‘ಸಾತ್‌ಬಾರಾ’ ಪತ್ರವಾದರೂ ಏಳನೆಯ ನಮೂನೆಯ ಹಕ್ಕುದಾರಿಕೆಯನ್ನೂ ಹನ್ನೆರಡನೆಯ ನಮೂನೆಯ ಬೆಳೆಯ ವಿವರವನ್ನೂ ಒಂದೇ ಹಾಳೆಗೆ ತಂದು ಕೂಡಿಸಿದ್ದೇ ಆಗಿದೆ.

ಬೇರೆ ಬೇರೆ ಹೊತ್ತಗೆಗಳಿಂದ ಒಂದು ಉತ್ತರವನ್ನು ಹೊರತರುವ ಈ ವಿದ್ಯೆ ನಮ್ಮ ಕರ್ನಾಟಕದ ಊರ ಲೆಕ್ಕಿಗರಾದ ಶಾನುಭೋಗರಿಗೆ ಕರತಲಾಮಲಕವಾಗಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ಹೊಲದ ಗುರುತೆಂದರೆ ಅದರ ಹೆಸರು ಮತ್ತು ಚೆಕ್ಕುಬಂದಿ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835ರ ಸುಮಾರಿಗೆ ಪುಣೆ ಪ್ರಾಂತದ ಇಂದಾಪುರದಲ್ಲಿ ತೊಡಗಿದ ಮುಂಬಯಿ ಪದ್ಧತಿಯ ಮೋಜಣಿಯು ಧಾರವಾಡ ಸೀಮೆಗೆ ಹಬ್ಬಿ, 1863ರಲ್ಲಿ ಮೈಸೂರು ಸಂಸ್ಥಾನವನ್ನೂ ಹೊಕ್ಕ ಮೇಲೆ ಸರ್ವೆ ನಂಬರೇ ನೆಲದ ನಾಮಧೇಯವಾಯಿತು. ಹೊಲದ ಹಕ್ಕು ಮತ್ತು ಬೆಳೆಯ ದಾಖಲೆಯಾದ ಪಹಣಿ ತಾಲ್ಲೂಕು ಕಚೇರಿಯಲ್ಲಿ, ಕ್ರಯಪತ್ರ ಉಪನೋಂದಣಾಧಿಕಾರಿಯಲ್ಲಿ, ನಕ್ಷೆ ಮೋಜಣಿ ಇಲಾಖೆಯಲ್ಲಿ. ಈ ಮೂರನ್ನೂ ಬೆಸೆಯುವುದು ಗ್ರಾಮದ ಹೆಸರಿನೊಡನೆ ಬರುವ ಆ ಸಂಖ್ಯೆ ಮಾತ್ರ.

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಪ್ರತಿಪಾದಿಸಿದ ಸಂಬಂಧಾತ್ಮಕ ಮಾದರಿಯ ತಿರುಳೂ ಇದೇ: ಕೋಷ್ಟಕಗಳನ್ನು ಜೋಡಿಸುವುದು ಅವುಗಳಲ್ಲಿರುವ ಸಮಾನ ಮೌಲ್ಯವೇ ಹೊರತು ಯಂತ್ರದೊಳಗಿನ ಯಾವ ಕೊಂಡಿಯೂ ಅಲ್ಲ. ಅದನ್ನು ಆಧರಿಸಿ 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಪ್ರಕಟಿಸಿದ, ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೇ ಮುಂದೆ ಎಸ್‌ಕ್ಯೂಎಲ್ ಎನಿಸಿತು. 2000ದಲ್ಲಿ ಹೊರಬಂದ, ದತ್ತಾಂಶ ನಿರ್ವಹಿಸುವ ತಂತ್ರಾಂಶವಾದ ಎಸ್‌ಕ್ಯೂಲೈಟ್‌ನಲ್ಲಿ ಇಡೀ ದತ್ತಾಂಶವು ಒಂದೇ ಫೈಲಿನಲ್ಲಿ ಅಡಗಿರುವುದು. ಪಹಣಿಯೂ ನೋಂದಣಿಯೂ ಹೀಗೆ ಒಂದೊಂದು ಫೈಲಿನಲ್ಲಿವೆ ಎನ್ನೋಣ. ಪಹಣಿಯ ಫೈಲನ್ನು ತೆರೆದು, ‘ಅಟ್ಯಾಚ್’ ಆದೇಶದಿಂದ ನೋಂದಣಿಯ ಫೈಲನ್ನೂ ಒಂದು ಅಡ್ಡಹೆಸರಿಟ್ಟು ಪಕ್ಕಕ್ಕೆ ಕರೆದು, ಆ ಹೆಸರು, ಒಂದು ಚುಕ್ಕೆ, ಕೋಷ್ಟಕದ ಹೆಸರು ಎಂಬ ಕ್ರಮದಲ್ಲಿ ಬರೆದು ಎರಡೂ ಕಡೆಯ ಗ್ರಾಮ, ಸರ್ವೆ ನಂಬರು, ಹಿಸ್ಸಾ (ಅದರ ಉಪಭಾಗ) ಇವು ಸಮವಾಗಿರಲೆಂದು ವಿಧಿಸಿದರೆ, ಕಚೇರಿಯಿಂದ ಕಚೇರಿಗೆ ಅಲೆದು ಪಡೆಯಬೇಕಾಗಿದ್ದ ಉತ್ತರ ಕ್ಷಣದಲ್ಲಿ ಎದುರಿಗೆ ಬರುವುದು. ಆದರೆ ಒಂದರಲ್ಲಿ ‘45/2’ ಎಂದೂ ಮತ್ತೊಂದರಲ್ಲಿ ‘45-2’ ಎಂದೂ ಇದ್ದಲ್ಲಿ ಕೋಷ್ಟಕಗಳನ್ನು ಬೆಸೆಯುವ ಸಾಮಾನ್ಯ ‘ಜಾಯಿನ್’ ಆದೇಶವು ಆ ಹೊಲವನ್ನು ಸದ್ದಿಲ್ಲದೆ ಕೈಬಿಡುತ್ತದೆ. ಮೊದಲ ಕೋಷ್ಟಕದಲ್ಲಿ ಜೊತೆ ಸಿಗದ ಸಾಲನ್ನೂ ಉಳಿಸಿ ತೋರಿಸುವ ಲೆಫ್ಟ್ ಜಾಯಿನ್ನನ್ನೇ ಮೊದಲು ನಡೆಸುವುದು ವಿವೇಕ. ಶಾನುಭೋಗನಾಗಿದ್ದರೆ ಕಣ್ಣಿನಿಂದಲೇ ಗುರುತಿಸುತ್ತಿದ್ದ ಸಾಮ್ಯವನ್ನು ಯಂತ್ರವು ಊಹಿಸಲಾರದು.

ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಕರ್ನಾಟಕದ ‘ಭೂಮಿ’ ಯೋಜನೆ ಆರಂಭದಲ್ಲಿ ತಾಲ್ಲೂಕಿಗೊಂದು ಪ್ರತ್ಯೇಕ ದತ್ತಾಂಶವಾಗಿಯೇ ನಡೆಯಿತು. ನೋಂದಣಿಯ ‘ಕಾವೇರಿ’ ಬೇರೆ, ಮೋಜಣಿಯ ‘ಮೋಜಿಣಿ’ ಬೇರೆ. ಕ್ರಯವಾದ ಸುದ್ದಿಯನ್ನು ತಹಶೀಲ್ದಾರರಿಗೆ ಮುಟ್ಟಿಸುತ್ತಿದ್ದ ಜೆ ಸ್ಲಿಪ್ಪು ಕಾಗದವನ್ನು ಬಿಟ್ಟು ಗಣಕಜಾಲದ ದಾರಿ ಹಿಡಿದಾಗಲೇ ಇವು ಒಂದನ್ನೊಂದು ಅರಿಯತೊಡಗಿದುವು. ಗಣಕವನ್ನು ದೂಷಿಸುವ ಮೊದಲು, ಓದುಗರೇ, ನಿಮ್ಮ ಮನೆಯ ಪಹಣಿಯನ್ನೂ ಕ್ರಯಪತ್ರವನ್ನೂ ಎದುರಿಗಿಟ್ಟುಕೊಂಡು ಸರ್ವೆ ನಂಬರೂ ಹಿಸ್ಸಾ ಸಂಖ್ಯೆಯೂ ಅಕ್ಷರಶಃ ಒಂದೇ ಆಗಿವೆಯೇ ಎಂದು ನೋಡಿಕೊಳ್ಳಿ. ವ್ಯತ್ಯಾಸವಿದ್ದಲ್ಲಿ ಹಳೆಯ ವಿವರ ಬಲ್ಲ ಹಿರಿಯರು ಇರುವಾಗಲೇ ತಿದ್ದುಪಡಿಗೆ ಅರ್ಜಿ ಕೊಡಿ.